ನೆಲಕ್ಕೆ ವಿನಾಯಿತಿ, ಮರಕ್ಕೆ? ಕ್ಯಾಲಿಫೋರ್ನಿಯಾದ ಕನ್ನಡಿಗ ಮತದಾರರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೆ,

ಕ್ಯಾಲಿಫೋರ್ನಿಯಾದಲ್ಲಿ ಮತ ಹಾಕುವ ಹಕ್ಕಿರುವ ಕನ್ನಡಿಗರಿಗೆ ಈ ಪತ್ರ. ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ, ಇರ್ವೈನ್, ಸ್ಯಾನ್ ಡಿಯಾಗೊ, ನೀವು ಎಲ್ಲೇ ಇರಿ. ವಿಷಯ ಆಸ್ತಿ ತೆರಿಗೆಯದ್ದು, ಅದರಲ್ಲೂ ತೋಟ ಹೊಲಗಳ ಆಸ್ತಿ ತೆರಿಗೆಯದ್ದು. ‘ನಮ್ಮದು ಎರಡು ಬೆಡ್‌ರೂಮಿನ ಮನೆ, ತೋಟದ ವಿಷಯ ನಮಗೇಕೆ’ ಅಂತ ದಯವಿಟ್ಟು ಪಕ್ಕಕ್ಕಿಡಬೇಡಿ. ಆ ತೋಟಗಳಿಗೆ ತೆರಿಗೆ ಹೇಗೆ ಹಾಕಬೇಕು ಅಂತ ಕೊನೆಗೆ ತೀರ್ಮಾನ ಮಾಡುವವರು ನಾವೇ. 1911ರಿಂದ ಈ ರಾಜ್ಯದಲ್ಲಿ ಹಾಗಿದೆ. ಬೇಕಾದಷ್ಟು ಸಹಿ ಸೇರಿಸಿದರೆ ಯಾರು ಬೇಕಾದರೂ ಒಂದು ಕಾನೂನನ್ನು ಶಾಸಕರ ಹಂಗಿಲ್ಲದೆ ನೇರವಾಗಿ ಮತದಾರರ ಮುಂದೆ ಇಡಬಹುದು.

ನಾನು ಒಂದು ತಪ್ಪು ಮಾಡಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

2020ರ ನವೆಂಬರ್ ಚುನಾವಣೆ. ಕೋವಿಡ್ ಕಾಲ, ಮತಪತ್ರ ಅಂಚೆಯಲ್ಲೇ ಮನೆಗೆ ಬಂದಿತ್ತು. ನಾನು ಪೌರತ್ವ ಪಡೆದ ಮೇಲೆ ಹಾಕಿದ ಮೊದಲ ಮತ ಅದು. ಅಧ್ಯಕ್ಷರ ಚುನಾವಣೆಯ ಜೊತೆಗೆ ಮತದಾರರೇ ತೀರ್ಮಾನಿಸಬೇಕಾದ, 14ರಿಂದ 25ರವರೆಗಿನ ಒಟ್ಟು 12 ಪ್ರಸ್ತಾಪಗಳಿದ್ದವು. ಇವನ್ನು ಇಲ್ಲಿ ‘ಪ್ರಾಪ್’ ಅನ್ನುತ್ತಾರೆ. ರಾತ್ರಿ ಊಟ ಮುಗಿಸಿ, ಮೇಜು ಒರೆಸಿ, ಒಂದೊಂದನ್ನೇ ಓದುತ್ತಾ ಕೂತೆ. ಎರಡನೆಯದೇ ಪ್ರಾಪ್ 15. ಕಚೇರಿ, ಕಾರ್ಖಾನೆ, ಮಾಲ್‌ಗಳಂಥ ವಾಣಿಜ್ಯ ಆಸ್ತಿಗಳಿಗೆ ಹಳೆಯ ಕಾಲದ ಬೆಲೆಯ ಬದಲು ಇವತ್ತಿನ ಮಾರುಕಟ್ಟೆ ಬೆಲೆಯ ಮೇಲೆ ತೆರಿಗೆ ಹಾಕಬೇಕು ಅನ್ನುವುದು ಅದರ ಸಾರ. ವರ್ಷಕ್ಕೆ 650 ಕೋಟಿಯಿಂದ 1,150 ಕೋಟಿ ಡಾಲರ್‌ವರೆಗೆ ಹಣ ಬರಬಹುದು, ಅದರಲ್ಲಿ ಶೇ. 40 ಶಾಲೆ ಮತ್ತು ಸಮುದಾಯ ಕಾಲೇಜುಗಳಿಗೆ, ಉಳಿದದ್ದು ಊರು ಮತ್ತು ಕೌಂಟಿಗಳಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಯಾರಿಗೆ ಇದು ಅನ್ವಯಿಸುವುದಿಲ್ಲ ಅಂತ, ರಾಜ್ಯ ಸರಕಾರ ಮನೆಗೆ ಕಳಿಸುವ ಮತದಾರರ ಪುಸ್ತಕದ ಸಾರಾಂಶದಲ್ಲೇ ಬರೆದಿದ್ದರು: ವಾಸದ ಮನೆಗಳು, ಕೃಷಿ ಭೂಮಿ, ಮತ್ತು 30 ಲಕ್ಷ ಡಾಲರ್ ಅಥವಾ ಅದಕ್ಕಿಂತ ಕಡಿಮೆ ಬೆಲೆಯ ವಾಣಿಜ್ಯ ಆಸ್ತಿ ಇರುವವರು.

‘ಕೃಷಿ ಭೂಮಿ’ ಅನ್ನುವ ಎರಡು ಪದ ಓದಿ ನನಗೆ ಸಮಾಧಾನವಾಯಿತು. ನಾನು ಸಿದ್ದಾಪುರದ ಕಡೆಯವಳು. ಅಪ್ಪನದು ಅಡಿಕೆ ತೋಟ. ರೈತರಿಗೆ ತೊಂದರೆ ಇಲ್ಲ, ಶಾಲೆಗೆ ಹಣ ಬರುತ್ತದೆ, ಇನ್ನೇನು ಬೇಕು ಅಂದುಕೊಂಡು ‘ಹೌದು’ ಅಂತ ಗುರುತು ಹಾಕಿದೆ. ಕಾನೂನಿನ ಪೂರ್ತಿ ಪಠ್ಯ ಅದೇ ಪುಸ್ತಕದ ಕೊನೆಯಲ್ಲಿ ಅಚ್ಚಾಗಿತ್ತು. ಆ ಪುಟ ತೆಗೆಯಲಿಲ್ಲ.

ಪ್ರಾಪ್ 15 ಸೋತಿತು. ಬೇಡ ಅಂದವರು ಶೇ. 52, ಬೇಕು ಅಂದವರು ಶೇ. 48. ನಾನು ಬೇಜಾರು ಮಾಡಿಕೊಂಡೆ, ಆಮೇಲೆ ಮರೆತೆ.

ಮರುವರ್ಷ ಫೆಬ್ರವರಿ ಕೊನೆಯಲ್ಲಿ ಬಾದಾಮಿ ಹೂ ನೋಡಲು ಮಕ್ಕಳನ್ನು ಕರೆದುಕೊಂಡು ಮಧ್ಯ ಕಣಿವೆಯ ಮಡೇರಾ ಕಡೆ ಹೋಗಿದ್ದೆವು. ಆ ಹೊತ್ತಿಗೆ ಅಲ್ಲಿ ಮೈಲಿಗಟ್ಟಲೆ ಬಿಳಿ ಹೂ. ಜಗತ್ತಿನ ಬಾದಾಮಿಯಲ್ಲಿ ಸುಮಾರು ಶೇ. 80 ಈ ಒಂದು ಕಣಿವೆಯಲ್ಲಿ ಬೆಳೆಯುತ್ತದೆ. ನಮ್ಮ ಅಂಗಡಿಯ ಬಾದಾಮಿ, ಬೆಂಗಳೂರಿನಲ್ಲಿ ಅಮ್ಮ ರಾತ್ರಿ ನೆನೆಸಿಡುವ ಬಾದಾಮಿ, ಎಷ್ಟೋ ಸಲ ಇಲ್ಲಿಯದೇ. ರಸ್ತೆ ಬದಿ ಒಂದು ಶೆಡ್ಡಿನ ಮುಂದೆ ಬಾದಾಮಿ ಚೀಲ ಇಟ್ಟುಕೊಂಡು ಒಬ್ಬ ಹಿರಿಯರು ಕೂತಿದ್ದರು. ಪಂಜಾಬಿನವರು, ಬಂದು ನಲವತ್ತು ವರ್ಷವಾಗಿದೆ ಅಂದರು. ಈ ರಾಜ್ಯದಲ್ಲಿ ಪಂಜಾಬಿಗಳು ನೂರು ವರ್ಷಕ್ಕೂ ಹಿಂದಿನಿಂದ ಬೇಸಾಯ ಮಾಡುತ್ತಿದ್ದಾರೆ. ನಾನು ಅಂಕಲ್ ಅಂದೆ, ಅವರು ಬೇಟಾ ಅಂದರು. ನಮ್ಮ ಮನೆಯಲ್ಲೂ ತೋಟ ಇದೆ ಅಂದ ಕೂಡಲೇ ಮಾತು ಶುರುವಾಯಿತು. ನೀರು, ಕೊಳವೆಬಾವಿ, ಬೆಲೆ ಇಳಿದದ್ದು. ಅದರ ನಡುವೆ ನಾನೇ, ತುಂಬಾ ಒಳ್ಳೆಯದನ್ನು ಹೇಳುವವಳಂತೆ, ಪ್ರಾಪ್ 15 ವಿಷಯ ತೆಗೆದೆ. ಅದರಲ್ಲಿ ನಿಮಗೆ ವಿನಾಯಿತಿ ಇತ್ತಲ್ವಾ ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೈ ಎತ್ತಿ ಹೂ ಬಿಟ್ಟ ಸಾಲನ್ನು ತೋರಿಸಿದರು. ‘ನೆಲಕ್ಕೆ ಇತ್ತು ಬೇಟಾ. ಮರಕ್ಕೆ ಇತ್ತು ಅಂತ ಎಲ್ಲಿ ಬರೆದಿತ್ತು?’

ಮನೆಗೆ ಬಂದು ಆ ಪುಸ್ತಕ ಹುಡುಕಿ ತೆಗೆದೆ. ಅವರು ಹೇಳಿದ್ದು ಸರಿ ಇತ್ತು. ಪ್ರಸ್ತಾಪದೊಳಗೆ ‘ವಾಣಿಜ್ಯ ಕೃಷಿ ಉತ್ಪಾದನೆಗೆ ಬಳಸುವ ಸ್ಥಿರಾಸ್ತಿ’ಯನ್ನು ಹೊಸ ಲೆಕ್ಕದಿಂದ ಹೊರಗಿಟ್ಟಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಮುಂದೆ ಆ ಮಾತಿಗೆ ಅರ್ಥ ಕೊಡುವ ಜಾಗದಲ್ಲಿ, ಹಾಗಂದರೆ ಕೃಷಿ ಸರಕು ಬೆಳೆಯಲು ಬಳಸುವ ‘ಭೂಮಿ’ ಅಂತ ಬರೆದಿದ್ದರು. ಭೂಮಿ, ಅಷ್ಟೇ.

ನಮ್ಮ ನಿಮ್ಮ ಮಾತಿನಲ್ಲಿ ಭೂಮಿ ಅಂದರೆ ಎಲ್ಲವೂ ಬಂತು. ಕ್ಯಾಲಿಫೋರ್ನಿಯಾದ ತೆರಿಗೆ ಕಾನೂನಿನಲ್ಲಿ ಹಾಗಲ್ಲ. ಅಲ್ಲಿ ನೆಲ ಒಂದು ಲೆಕ್ಕ, ನೆಲದ ಮೇಲೆ ಮನುಷ್ಯರು ಮಾಡಿದ್ದು ಇನ್ನೊಂದು ಲೆಕ್ಕ. ಕಟ್ಟಡ, ಬೇಲಿ, ಶೆಡ್ಡು ಎರಡನೆಯದಕ್ಕೆ ಸೇರುವುದು ಸಹಜ. ಆದರೆ ನೆಟ್ಟು ಬೆಳೆಸಿದ ಹಣ್ಣಿನ ಮರ, ಬಾದಾಮಿ ಅಕ್ರೋಟ್ ಮರ, ದ್ರಾಕ್ಷಿ ಬಳ್ಳಿಗಳೂ ಆ ಎರಡನೆಯ ಲೆಕ್ಕಕ್ಕೇ ಸೇರುತ್ತವೆ. ತೆರಿಗೆ ಸಂಹಿತೆಯ 105ನೇ ಸೆಕ್ಷನ್ ಇದನ್ನು ಬಾಯಿಬಿಟ್ಟು ಹೇಳುತ್ತದೆ. ಅದನ್ನು ಎಷ್ಟು ಗಮನ ಕೊಟ್ಟು ಬರೆದಿದ್ದಾರೆ ಅಂದರೆ, ಎಂಟು ವರ್ಷ ತುಂಬದ ಖರ್ಜೂರದ ಮರವನ್ನು ಮಾತ್ರ ಬಿಡಬೇಕು ಅಂತ ಕೂಡ ಇದೆ. ಕೋಚೆಲ್ಲಾ ಕಣಿವೆಯ ಖರ್ಜೂರದ ತೋಟದವರ ಕಷ್ಟ ಅರಿತ ಯಾರೋ ಒಂದು ಕಾಲದಲ್ಲಿ ಕೂತು ಬರೆದ ಸಾಲು ಅದು.

ರಾಜ್ಯದ ಸಂವಿಧಾನದಲ್ಲೂ ಇಂಥ ಅರಿವು ಇದೆ. 13ನೇ ವಿಧಿ ತೆಗೆದು ನೋಡಿ. ಹೊಲದಲ್ಲಿ ನಿಂತಿರುವ ಪೈರಿಗೆ ಆಸ್ತಿ ತೆರಿಗೆ ಇಲ್ಲ. ತೋಟವಾಗಿ ನೆಟ್ಟ ಹಣ್ಣಿನ ಮತ್ತು ಬೀಜದ ಮರಗಳಿಗೆ, ನೆಟ್ಟ ಹಂಗಾಮು ಕಳೆದು ನಾಲ್ಕು ವರ್ಷ ತೆರಿಗೆ ಇಲ್ಲ. ದ್ರಾಕ್ಷಿ ಬಳ್ಳಿಗೆ ಮೂರು ವರ್ಷ ಇಲ್ಲ. ಯಾಕೆ ಅಂತ ತೋಟದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಸಸಿ ನೆಟ್ಟರೆ ಮೊದಲ ಗೊನೆ ನೋಡಲು ಐದಾರು ವರ್ಷ ಕಾಯಬೇಕು. ಅಷ್ಟು ದಿನ ನೀರು, ಗೊಬ್ಬರ, ಸೊಪ್ಪು, ಆಳಿನ ಕೂಲಿ ಎಲ್ಲ ಕೈಯಿಂದ. ಬಾದಾಮಿಯೂ ಹಾಗೇ. ಮೂರನೇ ವರ್ಷಕ್ಕೆ ಒಂದಿಷ್ಟು ಕಾಯಿ, ಪೂರ್ತಿ ಫಸಲಿಗೆ ಇನ್ನೂ ಮೂರ್ನಾಲ್ಕು ವರ್ಷ, ಇಪ್ಪತ್ತೈದು ವರ್ಷದ ಹೊತ್ತಿಗೆ ಕಿತ್ತು ಹೊಸದು ನೆಡಬೇಕು. ಫಲ ಕೊಡದ ಮರಕ್ಕೆ ತೆರಿಗೆ ಕೇಳಬಾರದು ಅಂತ ಗೊತ್ತಿದ್ದವರು ಈ ಸಾಲುಗಳನ್ನು ಬರೆದಿದ್ದಾರೆ.

ಹಾಗಿರುವಾಗ ಒಂದು ಹೊಸ ಪ್ರಸ್ತಾಪ ಬರೀ ‘ಭೂಮಿ’ ಅಂದರೆ ಏನರ್ಥ? ನಾಲ್ಕು ವರ್ಷ ದಾಟಿದ ಮರ ಒಳಗೋ ಹೊರಗೋ? ಹಾಲಿನ ಡೈರಿಯ ಕೊಟ್ಟಿಗೆ? ಬಾದಾಮಿ ಒಡೆದು ಸಿಪ್ಪೆ ತೆಗೆಯುವ ಶೆಡ್ಡು? ರೈತ ಸಂಘಟನೆಯಾದ ಕ್ಯಾಲಿಫೋರ್ನಿಯಾ ಫಾರ್ಮ್ ಬ್ಯೂರೊ ಇದನ್ನೇ ಹಿಡಿದು ವಿರೋಧ ಮಾಡಿತು. ಪ್ರಸ್ತಾಪದ ಪರವಾಗಿದ್ದವರು ಹಾಗೇನೂ ಆಗುವುದಿಲ್ಲ, ಕೃಷಿಗೆ ಪೂರ್ತಿ ರಕ್ಷಣೆ ಇದೆ ಅಂದರು. ಇಬ್ಬರೂ ಒಂದೇ ಪುಟ ಓದಿದವರು. ತಮ್ಮ ಮಾತು ಒಂದೇ ಅರ್ಥಕ್ಕೆ ನಿಲ್ಲುವ ಹಾಗೆ ಬರೆಯುವುದು ಬರೆದವರ ಜವಾಬ್ದಾರಿಯಾಗಿತ್ತು. ಅದನ್ನು ಕೇಳುವುದು ನನ್ನ ಜವಾಬ್ದಾರಿಯಾಗಿತ್ತು. ನಾನು ಕೇಳಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಾವು ‘ವಿನಾಯಿತಿ’ ಅನ್ನುವಾಗ ತೆರಿಗೆಯೇ ಇಲ್ಲ ಅಂದುಕೊಳ್ಳುತ್ತೇವೆ. ಪ್ರಾಪ್ 15ರಲ್ಲಿ ವಿನಾಯಿತಿ ಅಂದರೆ ಪ್ರಾಪ್ 13ರ ಹಳೆಯ ಲೆಕ್ಕದಲ್ಲೇ ಮುಂದುವರಿಯುವುದು. ಪ್ರಾಪ್ 13 ನಿಮಗೆ ಗೊತ್ತೇ ಇದೆ, ಮನೆ ಕೊಂಡವರೆಲ್ಲರ ತೆರಿಗೆ ಚೀಟಿಯಲ್ಲಿ ಅದು ಇದೆ. 1978ರ ಜೂನ್ 6ರಂದು ಜನರೇ ಮತ ಹಾಕಿ ತಂದದ್ದು. ಹವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಅದರ ಮುಂದಾಳುಗಳು. ತೆರಿಗೆ ಕೊಂಡ ಬೆಲೆಯ ಶೇ. 1ಕ್ಕೆ ನಿಲ್ಲಬೇಕು, ಆ ಬೆಲೆಯನ್ನು ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸಬಾರದು, ಆಸ್ತಿ ಕೈ ಬದಲಾದಾಗ ಅಥವಾ ಹೊಸದಾಗಿ ಕಟ್ಟಿದಾಗ ಮಾತ್ರ ಹೊಸ ಬೆಲೆ. ಅದಕ್ಕೇ ಅಕ್ಕಪಕ್ಕದ ಒಂದೇ ಥರದ ಎರಡು ಮನೆಗಳಿಗೆ ನಾಲ್ಕೈದು ಪಟ್ಟು ವ್ಯತ್ಯಾಸದ ತೆರಿಗೆ ಇರುತ್ತದೆ. ಇದರಲ್ಲಿ ನ್ಯಾಯ ಇದೆಯೋ ಇಲ್ಲವೋ ಅನ್ನುವುದು ದೊಡ್ಡ ಚರ್ಚೆ. ದೊಡ್ಡ ದೊಡ್ಡ ಕಂಪನಿಗಳ ಜಾಗಗಳಿಗೆ ಹಳೆಯ ಬೆಲೆಯ ಲಾಭ ಸಿಗುವುದು ಸರಿಯಲ್ಲ ಅಂತಲೇ ನಾನು ಈಗಲೂ ನಂಬುತ್ತೇನೆ. ಆದರೆ ಆ ಚರ್ಚೆಯ ನಡುವೆ ತೋಟದವರು ಸಿಕ್ಕಿಕೊಳ್ಳಬಾರದು.

ತೋಟದ ತೆರಿಗೆ ತಪ್ಪಾದರೆ ಏನಾಗುತ್ತದೆ ಅಂತ ನೋಡಲು ನಾವು ದೂರ ಹೋಗಬೇಕಿಲ್ಲ. ನಾವು ವಾಸ ಮಾಡುತ್ತಿರುವ ಸಾಂತಾ ಕ್ಲಾರಾ ಕಣಿವೆಯೇ ಸಾಕ್ಷಿ. ಸಿಲಿಕಾನ್ ವ್ಯಾಲಿ ಅನ್ನುವ ಹೆಸರು ಬರುವ ಮೊದಲು ಇದನ್ನು ‘ಮನಸ್ಸಿಗೆ ಆನಂದ ಕೊಡುವ ಕಣಿವೆ’ ಅಂತ ಕರೆಯುತ್ತಿದ್ದರು. ಪ್ಲಮ್, ಏಪ್ರಿಕಾಟ್, ಚೆರ್ರಿ ತೋಟಗಳು ಕಣ್ಣು ಹಾಯುವಷ್ಟು ದೂರ. ಸನ್ನಿವೇಲ್‌ನಲ್ಲಿ ಇರುವವರು ಆ ಹಣ್ಣಿನ ಡಬ್ಬಿಯ ಚಿತ್ರ ಬರೆದ ನೀರಿನ ಟ್ಯಾಂಕ್ ನೋಡಿರುತ್ತೀರಿ. ಅಲ್ಲಿ ಹಣ್ಣನ್ನು ಡಬ್ಬಿಗೆ ತುಂಬುವ ದೊಡ್ಡ ಕಾರ್ಖಾನೆ ಇತ್ತು. ಹೆರಿಟೇಜ್ ಪಾರ್ಕಿನಲ್ಲಿ ಊರಿನ ಆಡಳಿತ ಉಳಿಸಿಕೊಂಡಿರುವ ಒಂದು ಏಪ್ರಿಕಾಟ್ ತೋಟ ಇದೆ. ನನ್ನ ಮಗಳು ಸೈಕಲ್ ಕಲಿತದ್ದು ಅದರ ಪಕ್ಕದಲ್ಲಿ. ಅಷ್ಟು ದೊಡ್ಡ ತೋಟಗಳ ಕಣಿವೆಯಲ್ಲಿ ಇವತ್ತು ಮಕ್ಕಳಿಗೆ ತೋರಿಸಲು ಇಂಥ ಒಂದೆರಡು ತುಂಡು ಉಳಿದಿವೆ.

ಆ ತೋಟಗಳು ಹೋಗಲು ಒಂದೇ ಕಾರಣ ಅಂತ ಹೇಳಲಾಗುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಜನ ಬಂದರು, ಮನೆ ಬೇಕಾಯಿತು, ನೆಲಕ್ಕೆ ಬೆಲೆ ಬಂತು. ಆದರೆ ತೆರಿಗೆಯೂ ಒಂದು ಕಾರಣ. ಆಗಿನ ನಿಯಮದಂತೆ ಅಸೆಸರ್, ಅಂದರೆ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿ, ನೆಲದ ಮಾರುಕಟ್ಟೆ ಬೆಲೆ ನೋಡಬೇಕಿತ್ತು. ಪಕ್ಕದ ತೋಟ ಮಾರಿ ಬಡಾವಣೆ ಆಯಿತು ಅನ್ನಿ. ಇವರ ತೋಟಕ್ಕೂ ಬಡಾವಣೆಯ ಬೆಲೆ. ಮರ ಕೊಡುವುದು ಏಪ್ರಿಕಾಟ್, ಕಟ್ಟಬೇಕಾದ್ದು ಸೈಟಿನ ತೆರಿಗೆ. ಎಷ್ಟು ವರ್ಷ ತಡೆಯಲು ಸಾಧ್ಯ? ಒಬ್ಬರು ಮಾರಿದರೆ ಪಕ್ಕದವರಿಗೆ ಬಿಸಿ, ಅವರು ಮಾರಿದರೆ ಅವರ ಪಕ್ಕದವರಿಗೆ.

ಇದನ್ನು ತಡೆಯಲೆಂದೇ 1965ರಲ್ಲಿ ವಿಲಿಯಮ್ಸನ್ ಕಾಯ್ದೆ ಬಂತು. ಕರ್ನ್ ಕೌಂಟಿಯಿಂದ ಆರಿಸಿ ಬಂದ ಜಾನ್ ವಿಲಿಯಮ್ಸನ್ ಅನ್ನುವ ಶಾಸಕರ ಹೆಸರು ಅದಕ್ಕೆ. ಈ ಕಾಯ್ದೆ ನನಗೆ ಯಾಕೆ ಇಷ್ಟ ಅಂದರೆ ಅದರಲ್ಲಿ ಕೊಡುವುದೂ ಇದೆ, ತೆಗೆದುಕೊಳ್ಳುವುದೂ ಇದೆ. ರೈತ ಕೌಂಟಿಯ ಜೊತೆ ಕನಿಷ್ಠ ಹತ್ತು ವರ್ಷಕ್ಕೆ ಕರಾರು ಮಾಡಿಕೊಳ್ಳುತ್ತಾನೆ: ಈ ನೆಲದಲ್ಲಿ ಬೇಸಾಯ ಬಿಟ್ಟು ಬೇರೆ ಏನೂ ಮಾಡುವುದಿಲ್ಲ. ಬದಲಿಗೆ ನೆಲದಿಂದ ಬರುವ ಆದಾಯ ನೋಡಿ ಬೆಲೆ ಕಟ್ಟುತ್ತಾರೆ, ಸೈಟಿನ ಬೆಲೆ ನೋಡುವುದಿಲ್ಲ. ಕರಾರು ಪ್ರತಿ ವರ್ಷ ತಾನಾಗೇ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಯಾವಾಗ ನೋಡಿದರೂ ಮುಂದೆ ಹತ್ತು ವರ್ಷ ಇರುತ್ತದೆ. ಬಿಡಬೇಕು ಅಂದರೆ ನೋಟಿಸ್ ಕೊಟ್ಟು ಒಂಬತ್ತು ವರ್ಷ ಕಾಯಬೇಕು, ಆ ಅವಧಿಯಲ್ಲಿ ತೆರಿಗೆ ಮೆಲ್ಲಗೆ ಏರುತ್ತಾ ಹೋಗುತ್ತದೆ. ಮಧ್ಯದಲ್ಲೇ ಮುರಿಯಬೇಕು ಅಂದರೆ ಮಾರುಕಟ್ಟೆ ಬೆಲೆಯ ಶೇ. 12.5 ದಂಡ. ಮರುವರ್ಷ, 1966ರ ನವೆಂಬರ್‌ನಲ್ಲಿ, ಹೀಗೆ ಬಳಕೆ ನೋಡಿ ಬೆಲೆ ಕಟ್ಟಲು ದಾರಿ ಮಾಡಿಕೊಡುವ ಸಂವಿಧಾನ ತಿದ್ದುಪಡಿಯನ್ನು ಮತದಾರರೇ ಒಪ್ಪಿದರು. ನಮ್ಮ ಥರದವರೇ, ಪಟ್ಟಣದಲ್ಲಿ ಇರುವವರೇ ಜಾಸ್ತಿ ಜನ. ಇವತ್ತು ಸುಮಾರು 1.6 ಕೋಟಿ ಎಕರೆ ಈ ಕರಾರಿನೊಳಗಿದೆ. ರಾಜ್ಯದ ಕೃಷಿ ಮತ್ತು ಹುಲ್ಲುಗಾವಲು ಭೂಮಿಯಲ್ಲಿ ಹೆಚ್ಚೂಕಡಿಮೆ ಅರ್ಧ. ನಮ್ಮ ಕಣಿವೆಗೆ ಮಾತ್ರ ಅದು ತಡವಾಗಿ ಬಂತು.

ಊರಿನ ನೆನಪು ಇಲ್ಲಿ ಬರುತ್ತದೆ. ನಮ್ಮ ಪಹಣಿಯಲ್ಲಿ ಖುಷ್ಕಿ, ತರಿ, ಬಾಗಾಯ್ತು ಅಂತ ಬೇರೆ ಬೇರೆ ಇರುತ್ತದೆ, ಅಲ್ವಾ? ಮಳೆ ನಂಬಿದ ಹೊಲ, ನೀರು ನಿಲ್ಲುವ ಗದ್ದೆ, ತೋಟ. ಉಳಲು ಬಾರದ್ದು ಖರಾಬು. ನಮ್ಮ ಕಡೆ ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟ ಬೇರೆ. ಅಲ್ಲಿಂದ ಸೊಪ್ಪು ತರದಿದ್ದರೆ ತೋಟ ಇಲ್ಲ ಅಂತ ಹಳೆಯ ಕಾಲದ ಕಂದಾಯದವರಿಗೂ ಗೊತ್ತಿತ್ತು, ಅದಕ್ಕೇ ತೋಟದ ಜೊತೆ ಬೆಟ್ಟವನ್ನೂ ಬಿಟ್ಟುಕೊಟ್ಟರು. ಅಪ್ಪ ಕಟ್ಟುತ್ತಿದ್ದ ವರ್ಷದ ಕಂದಾಯ ಪೇಟೆಗೆ ಹೋಗಿ ಬರುವ ಬಸ್ಸಿನ ಖರ್ಚಿಗಿಂತ ಕಡಿಮೆ ಇತ್ತು. ಅದರಿಂದ ಸರಕಾರಕ್ಕೆ ಏನೂ ಬರುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಯಾವುದು ತೋಟ, ತೋಟಕ್ಕೆ ಏನೇನು ಸೇರಿದೆ ಅನ್ನುವುದನ್ನು ಕೂತು ವಿಂಗಡಿಸಿದ್ದರು. ಅಂಥ ಮನೆಯಿಂದ ಬಂದ ನಾನೇ ‘ಕೃಷಿ ಭೂಮಿ’ ಅನ್ನುವ ಎರಡು ಪದಕ್ಕೆ ತೃಪ್ತಿಪಟ್ಟೆನಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಇದೇ 2020ರ ಮತಪತ್ರದಲ್ಲಿ ಇನ್ನೊಂದು ಆಸ್ತಿ ತೆರಿಗೆಯ ಪ್ರಸ್ತಾಪವೂ ಇತ್ತು. ಪ್ರಾಪ್ 19. ಅದು ಶಾಸಕರು ಕಳಿಸಿದ್ದು, ಅದು ಗೆದ್ದಿತು. ಅಪ್ಪ ಅಮ್ಮನ ಆಸ್ತಿ ಮಕ್ಕಳಿಗೆ ಬಂದಾಗ ಹಳೆಯ ತೆರಿಗೆ ಬೆಲೆ ಉಳಿಯುವ ಅನುಕೂಲವನ್ನು ಅದು ತುಂಬಾ ಬಿಗಿ ಮಾಡಿತು. ಮಕ್ಕಳು ವಾಸ ಮಾಡುವ ಮನೆಗೆ ಮತ್ತು ‘ಕುಟುಂಬದ ಫಾರ್ಮ್‌’ಗೆ ಮಾತ್ರ, ಅದೂ 10 ಲಕ್ಷ ಡಾಲರ್‌ನ ಮಿತಿ ಇಟ್ಟು, ಆ ಅನುಕೂಲ ಉಳಿಸಿತು. ಆ ಕಾನೂನಿನಲ್ಲಿ ಕುಟುಂಬದ ಫಾರ್ಮ್ ಅಂದರೆ ಏನು ಗೊತ್ತಾ? ಉಳುಮೆ ಇರುವ, ಅಥವಾ ದನ ಕುರಿ ಮೇಯಿಸಲು ಬಳಸುವ, ಅಥವಾ ಯಾವುದೇ ಕೃಷಿ ಸರಕು ಬೆಳೆಯುವ ‘ಸ್ಥಿರಾಸ್ತಿ’. ಅಲ್ಲಿ ಭೂಮಿ ಅಂತ ನಿಲ್ಲಿಸಿಲ್ಲ. ಒಂದೇ ದಿನ, ಒಂದೇ ಮತಪತ್ರ, ಎರಡು ಪ್ರಸ್ತಾಪ. ಒಂದರಲ್ಲಿ ತೋಟ ತೋಟವಾಗಿಯೇ ಇದೆ, ಇನ್ನೊಂದರಲ್ಲಿ ನೆಲ ಮಾತ್ರ. ಸರಿಯಾಗಿ ಬರೆಯಲು ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಇಷ್ಟು ಓದಿ ‘ಹಾಗಾದರೆ ತೋಟಗಳಿಗೆ ತೆರಿಗೆ ಬಿಟ್ಟುಬಿಟ್ಟರೆ ಆಯಿತು’ ಅಂತ ನೀವು ಅಂದರೆ, ನಾನು ಅದನ್ನೂ ಒಪ್ಪುವುದಿಲ್ಲ. ತೋಟಕ್ಕೆ ಕೊಟ್ಟ ವಿನಾಯಿತಿಯ ಹಣ ಎಲ್ಲಿಂದಲೋ ಹೋಗುತ್ತದೆ. ಹೋಗುವುದು ಆ ತೋಟ ಇರುವ ಕೌಂಟಿಯಿಂದಲೇ. ಮಧ್ಯ ಕಣಿವೆಯ ಕೌಂಟಿಗಳು ಬೇ ಏರಿಯಾದ ಹಾಗೆ ಶ್ರೀಮಂತ ಅಲ್ಲ. ಬಾದಾಮಿ ಕೊಯ್ಲಿಗೆ, ದ್ರಾಕ್ಷಿ ಕೊಯ್ಲಿಗೆ ಬಿಸಿಲಲ್ಲಿ ದುಡಿಯುವವರ ಮಕ್ಕಳು ಓದುವ ಶಾಲೆ ಅಲ್ಲಿದೆ. ಅವರ ಆಸ್ಪತ್ರೆ, ಅವರ ಅಗ್ನಿಶಾಮಕ ದಳ ಅಲ್ಲಿದೆ. ವಿಲಿಯಮ್ಸನ್ ಕರಾರುಗಳಿಂದ ಕೌಂಟಿಗಳಿಗೆ ಆಗುವ ಕೊರತೆಯಲ್ಲಿ ಒಂದು ಪಾಲನ್ನು ರಾಜ್ಯ ಸರಕಾರ 1970ರ ದಶಕದಿಂದ ತುಂಬಿಕೊಡುತ್ತಿತ್ತು. 2009ರ ಹಣಕಾಸಿನ ಮುಗ್ಗಟ್ಟಿನಲ್ಲಿ ಅದನ್ನು ಹೆಚ್ಚೂಕಡಿಮೆ ನಿಲ್ಲಿಸಿಬಿಟ್ಟರು. ಮುಂದಿನ ವರ್ಷವೇ ಇಂಪೀರಿಯಲ್ ಕೌಂಟಿ ಕರಾರುಗಳನ್ನು ಮುಂದುವರಿಸುವುದಿಲ್ಲ ಅಂತ ತೀರ್ಮಾನಿಸಿತು. 2011ರಲ್ಲಿ ಬಂದ ಒಂದು ಕಾನೂನು, ಕೌಂಟಿಗಳು ಬೇಕಿದ್ದರೆ ಹತ್ತು ವರ್ಷದ ಕರಾರನ್ನು ಒಂಬತ್ತಕ್ಕೆ ಇಳಿಸಿ ರೈತರಿಂದಲೇ ಸ್ವಲ್ಪ ಹಣ ವಾಪಸ್ ಪಡೆಯಲು ಅವಕಾಶ ಕೊಟ್ಟಿತು. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ. ಬಾದಾಮಿ, ಹಾಲು, ತರಕಾರಿ ತಿನ್ನುವುದು ಇಡೀ ರಾಜ್ಯ. ಆ ನೆಲ ಉಳಿಸುವ ಖರ್ಚು ಮಾತ್ರ ಆ ಬಡ ಕೌಂಟಿಯದು ಮತ್ತು ಅಲ್ಲಿಯ ಶಾಲೆಯದು ಅಂದರೆ ಹೇಗೆ?

ಇನ್ನೊಂದು ಕಡೆಯಿಂದಲೂ ನೋಡಬೇಕು. ವಿನಾಯಿತಿ ಇದ್ದ ಕಡೆ ಅದನ್ನು ದುರುಪಯೋಗ ಮಾಡುವವರೂ ಬರುತ್ತಾರೆ. ನಮ್ಮವರು ಬಹಳ ಜನ ಇರುವ ನ್ಯೂಜೆರ್ಸಿಯನ್ನೇ ತೆಗೆದುಕೊಳ್ಳಿ. ಅಲ್ಲಿಯ ಮತದಾರರು 1963ರಲ್ಲಿ ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು, 1964ರಲ್ಲಿ ಕೃಷಿ ಭೂಮಿಗೆ ಕಡಿಮೆ ತೆರಿಗೆಯ ಕಾನೂನು ಬಂತು. ಕನಿಷ್ಠ ಐದು ಎಕರೆ ಬೇಸಾಯದಲ್ಲಿರಬೇಕು, ಅದರಿಂದ ವರ್ಷಕ್ಕೆ 500 ಡಾಲರ್ ಮಾರಾಟ ಆಗಿರಬೇಕು ಅಂತ ನಿಯಮ. ಐನೂರು ಡಾಲರ್ ಏನು ಮಹಾ? ದೊಡ್ಡ ಬಂಗಲೆಯ ಹಿಂದಿನ ಕಾಡಿನಿಂದ ಒಂದಿಷ್ಟು ಸೌದೆ ಮಾರಿದರೂ ಆಯಿತು. ಜನ ವರ್ಷಗಟ್ಟಲೆ ದೂರಿದ ಮೇಲೆ, 2013ರ ಒಂದು ಕಾನೂನಿನಲ್ಲಿ ಅದನ್ನು 1,000 ಡಾಲರ್‌ಗೆ ಏರಿಸಿದರು. ನಿಜವಾಗಿ ಉಳುವವರಿಗೆ ಅದು ತಾಕುವುದೇ ಇಲ್ಲ. ಅಲ್ಲಿ ಬೇಸಾಯ ಬಿಟ್ಟು ಕಟ್ಟಡ ಕಟ್ಟಿದರೆ ಆ ವರ್ಷದ್ದರ ಜೊತೆಗೆ ಹಿಂದಿನ ಎರಡು ವರ್ಷದ ಉಳಿತಾಯವನ್ನೂ ವಾಪಸ್ ಕಟ್ಟಬೇಕು. ಕ್ಯಾಲಿಫೋರ್ನಿಯಾದ ಹತ್ತು ವರ್ಷದ ಕರಾರಿನ ಮುಂದೆ ಅದು ತುಂಬಾ ಸಡಿಲ. ಇಲ್ಲಿಯದೂ ಪೂರ್ತಿ ಸರಿ ಇಲ್ಲ ಬಿಡಿ. ಎಂಬತ್ತು ಎಕರೆಯ ಕುಟುಂಬಕ್ಕೂ ಸಾವಿರಾರು ಎಕರೆಯ ಕಂಪನಿಗೂ ಒಂದೇ ರಿಯಾಯಿತಿ.

ಹಾಗಾಗಿ ನಾನು ನಿಮ್ಮಲ್ಲಿ ಕೇಳುವುದು ಇಷ್ಟು.

ಮುಂದಿನ ಸಲ ದಿನಸಿ ಅಂಗಡಿಯ ಮುಂದೆ ಮೇಜು ಹಾಕಿಕೊಂಡು ಯಾರಾದರೂ ಸಹಿ ಕೇಳಿದರೆ, ಅದು ಆಸ್ತಿ ತೆರಿಗೆಯ ಪ್ರಸ್ತಾಪವಾಗಿದ್ದರೆ, ‘ರೈತರಿಗೆ ವಿನಾಯಿತಿ ಇದೆ’ ಅಂತ ಅವರು ಹೇಳಿದರೆ, ಪೆನ್ನು ಕೈಗೆ ತೆಗೆದುಕೊಳ್ಳುವ ಮೊದಲು ಪಠ್ಯ ತೋರಿಸಿ ಅನ್ನಿ. ಅದರಲ್ಲಿ ಮರ, ಬಳ್ಳಿ, ಕೊಟ್ಟಿಗೆ, ಶೆಡ್ಡು ಹೆಸರು ಹಿಡಿದು ಬರೆದಿದೆಯೇ ನೋಡಿ. ವಿನಾಯಿತಿ ಪಡೆದವರು ಬದಲಿಗೆ ಏನು ಮಾತು ಕೊಡಬೇಕು, ನೆಲ ಮಾರಿ ಸೈಟು ಮಾಡಿದರೆ ಏನಾಗುತ್ತದೆ ಅಂತ ನೋಡಿ. ಕೌಂಟಿಗೆ ಆಗುವ ಕೊರತೆಯನ್ನು ಯಾರು ತುಂಬುತ್ತಾರೆ ಅಂತ ಕೇಳಿ. ಸಹಿ ಸಂಗ್ರಹಿಸುವವರಿಗೆ ಇದೆಲ್ಲ ಗೊತ್ತಿರುವುದಿಲ್ಲ, ಅವರಲ್ಲಿ ಬಹಳ ಜನ ದಿನದ ಕೂಲಿಗೆ ನಿಂತವರು, ಅವರ ಮೇಲೆ ಸಿಟ್ಟು ಮಾಡಬೇಡಿ. ಉತ್ತರ ಸಿಗದಿದ್ದರೆ ಸಹಿ ಹಾಕದೆ ಬನ್ನಿ. ಸಂವಿಧಾನ ತಿದ್ದುವ ಪ್ರಸ್ತಾಪಕ್ಕೆ 2020ರಲ್ಲಿ 9,97,139 ಸಹಿ ಬೇಕಿತ್ತು. ಅದರಲ್ಲಿ ನಮ್ಮ ಒಂದು ಸಹಿಗೂ ಬೆಲೆ ಇದೆ.

ಇದಕ್ಕಿಂತ ಮೊದಲೇ ಮಾಡಬಹುದಾದ ಕೆಲಸ ಒಂದಿದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಯಾವುದೇ ಪ್ರಸ್ತಾಪ ಸಹಿಗೆ ಹೊರಡುವ ಮೊದಲು ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ಸಲ್ಲಿಕೆಯಾಗಬೇಕು. 2014ರ ಒಂದು ಕಾನೂನಿನಿಂದಾಗಿ ಅಲ್ಲಿ ಅದು 30 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ತೆರೆದಿರುತ್ತದೆ. ಯಾರು ಬೇಕಾದರೂ ಬರೆಯಬಹುದು. ಪ್ರಸ್ತಾಪ ಬರೆದವರು ಅದನ್ನು ನೋಡಿ ಆ ಅವಧಿಯಲ್ಲಿ ತಮ್ಮ ಪಠ್ಯ ತಿದ್ದಿಕೊಳ್ಳಬಹುದು. ಒಮ್ಮೆ ಸಹಿ ಸಂಗ್ರಹ ಶುರುವಾದರೆ ಒಂದು ಪದವನ್ನೂ ಬದಲಾಯಿಸಲಾಗುವುದಿಲ್ಲ. ಪ್ರಾಪ್ 15ರವರೇ 2018ರಲ್ಲಿ ಅರ್ಹತೆ ಪಡೆದಿದ್ದ ತಮ್ಮ ಮೊದಲ ಪ್ರಸ್ತಾಪವನ್ನು ಬಿಟ್ಟು, 2019ರಲ್ಲಿ ತಿದ್ದಿದ ಇನ್ನೊಂದನ್ನು ಸಲ್ಲಿಸಿ, ಪುನಃ ಮೊದಲಿನಿಂದ ಸಹಿ ಸಂಗ್ರಹಿಸಬೇಕಾಯಿತು. ಆ 30 ದಿನದಲ್ಲಿ ‘ಭೂಮಿ ಅನ್ನಬೇಡಿ, ಭೂಮಿ ಮತ್ತು ಅದರ ಮೇಲಿನ ಮರ, ಬಳ್ಳಿ, ಬೇಸಾಯದ ಕಟ್ಟಡ ಅನ್ನಿ’ ಅಂತ ನಾಲ್ಕು ಸಾಲು ಬರೆಯಲು ನಮಗೆ ಎಷ್ಟು ಹೊತ್ತು ಬೇಕು? ಕೆಲಸದ ಮೇಲೆ ದಿನಾ ಪುಟಗಟ್ಟಲೆ ಕರಾರು ಪತ್ರ ಓದಿ ತಪ್ಪು ಹುಡುಕುವವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ!

ಇನ್ನು ನಿಮ್ಮ ಕ್ಷೇತ್ರದ ರಾಜ್ಯ ಶಾಸಕರಿಗೆ ಒಂದು ಪತ್ರ ಬರೆಯಿರಿ. ವಿಲಿಯಮ್ಸನ್ ಕರಾರುಗಳಿಗಾಗಿ ಕೌಂಟಿಗಳಿಗೆ ಕೊಡುತ್ತಿದ್ದ ಹಣವನ್ನು ಪುನಃ ಶುರು ಮಾಡಿ ಅಂತ ಕೇಳಿ. ನಮ್ಮ ಕಡೆಯ ಶಾಸಕರಿಗೆ ತೋಟದವರಿಂದ ಪತ್ರ ಬರುವುದಿಲ್ಲ, ಯಾಕೆಂದರೆ ಇಲ್ಲಿ ತೋಟ ಇಲ್ಲ. ಪಟ್ಟಣದವರಿಂದ ಬಂದರೆ ಅವರು ಓದುತ್ತಾರೆ. ನಾನು ಈಗಾಗಲೇ ಬರೆದಿದ್ದೇನೆ. ಅವರ ಕಚೇರಿಯಿಂದ ಒಬ್ಬರು ಫೋನ್ ಮಾಡಿ, ಈ ವಿಷಯ ಕೇಳಿದವರು ನೀವೇ ಮೊದಲು ಅಂದರು.

ಆ ಮಡೇರಾದ ಅಂಕಲ್ ಹತ್ತಿರ ಪ್ರತಿ ವರ್ಷ ಹೂವಿನ ಕಾಲಕ್ಕೆ ಹೋಗುತ್ತೇವೆ. ಹೋದ ವರ್ಷ ಹೋದಾಗ ಅವರ ತೋಟದ ಹಳೆಯ ಅರ್ಧ ಭಾಗ ಕಿತ್ತು ಹೊಸ ಸಸಿ ನೆಟ್ಟಿದ್ದರು. ಮೊಣಕಾಲೆತ್ತರದ ಸಸಿಗಳು, ಕಾಂಡಕ್ಕೆ ಬಿಳಿ ಹಾಳೆ ಸುತ್ತಿತ್ತು. ನಾಲ್ಕು ವರ್ಷ ಇವಕ್ಕೆ ತೆರಿಗೆ ಇಲ್ಲ, ಆಮೇಲೆ ಏನು ಕಾನೂನು ಇರುತ್ತದೋ ಅಂದರು.

ರಾಜ್ಯದ ಮತದಾರರ ಪುಸ್ತಕ ಪ್ರತಿ ಚುನಾವಣೆಗೂ ಮನೆಗೆ ಬರುತ್ತದೆ. ಪ್ರಸ್ತಾಪಗಳ ಪೂರ್ತಿ ಪಠ್ಯ ಅದರ ಕೊನೆಯ ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮುಂದಿನ ಪುಸ್ತಕ ಬಂದ ವಾರ, ಶನಿವಾರ ಸಂಜೆ, ಸನ್ನಿವೇಲ್‌ನ ನಮ್ಮ ಮನೆಯಲ್ಲಿ ಕೂತು ಆ ಪುಟಗಳನ್ನು ಒಟ್ಟಿಗೆ ಓದೋಣ ಅಂತ ಇದ್ದೇನೆ. ಯಾರು ಯಾವ ಕಡೆ ಮತ ಹಾಕುತ್ತಾರೆ ಅಂತ ಕೇಳುವುದಿಲ್ಲ. ಕಾಫಿ ಇರುತ್ತದೆ. ಬರುವಾಗ ನಿಮ್ಮ ಪುಸ್ತಕ ಮತ್ತು ಒಂದು ಪೆನ್ಸಿಲ್ ತನ್ನಿ.

ನಿಮ್ಮ,
ಸಿದ್ದಾಪುರ ಕಡೆಯ, ಸನ್ನಿವೇಲ್‌ನ ಒಬ್ಬ ಮತದಾರಳು